ಶಿಲಾಶಾಸನವೂ ಉಸಿರಿನ ಲೆಕ್ಕವೂ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಕುಶಲೋಪರಿಯೆಲ್ಲ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. "ಸಾರ್, ನಮ್ಮ ತಂದೆಗೂ ನಿಮ್ಮ ಹಾಗೇ ರಾತ್ರಿ ಹಾಕ್ಕೊಳ್ಳೋ ಗಾಳಿ ಮಿಷನ್ ಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ಅದರಲ್ಲಿ ಎರಡು ಅಂತ ಬರುತ್ತೆ. ಐದರೊಳಗಿದ್ರೆ ಸರಿ ಅಂತಾರೆ. ಆದ್ರೂ ಹಗಲೆಲ್ಲ ತೂಕಡಿಸ್ತಾರೆ. ಮಿಷನ್ ಸುಳ್ಳು ಹೇಳ್ತಿದೆಯಾ ಸಾರ್?"

ನಾನು ವೈದ್ಯನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿದವನು. ಆದರೂ ಅವನ ಪ್ರಶ್ನೆಯನ್ನು ಕೇಳಿದೊಡನೆ ಇದು ನನ್ನ ವಿಷಯವೇ ಎನಿಸಿತು. ನಮ್ಮ ಮುಂದೆ ಒಂದು ಆಧಾರವಿದೆ. ಅದನ್ನು ಬರೆದವರು ಯಾರು? ಏನನ್ನು ನೋಡಿ ಬರೆದರು? ಏನನ್ನು ನೋಡಲಾರದೆ ಬಿಟ್ಟರು? ಒಂಬತ್ತನೆಯ ತರಗತಿಯಲ್ಲಿ ಶಾಸನಗಳ ಪಾಠ ಮಾಡುವಾಗ ನಿಮಗೆಲ್ಲ ನಾನು ಕೇಳುತ್ತಿದ್ದ ಪ್ರಶ್ನೆಗಳೇ ಇವು. ಅವನಿಗೆ ಅಂದು ಫೋನಿನಲ್ಲಿ ಅರ್ಧ ಉತ್ತರ ಹೇಳಿದ್ದೆ. ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ.

ಮೊದಲು ಕಾಯಿಲೆಯ ಪರಿಚಯ. ನಿದ್ರೆಯಲ್ಲಿ ನಮ್ಮ ಸ್ನಾಯುಗಳೆಲ್ಲ ಸಡಿಲಗೊಳ್ಳುತ್ತವೆ. ಗಂಟಲಿನ ಸ್ನಾಯುಗಳೂ ಸಡಿಲಗೊಂಡು ಉಸಿರಿನ ದಾರಿ ಕಿರಿದಾದಾಗ ಗೊರಕೆ ಬರುತ್ತದೆ. ಕೆಲವರಲ್ಲಿ ಆ ದಾರಿ ಪೂರ್ತಿ ಮುಚ್ಚಿಯೇ ಹೋಗುತ್ತದೆ. ಎದೆ, ಹೊಟ್ಟೆಗಳು ಎಳೆಯುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಗೊಂಡು ಕ್ಷಣಮಾತ್ರ ಎಚ್ಚರಿಸುತ್ತದೆ. ಮನುಷ್ಯ ಏದುಸಿರು ಬಿಟ್ಟು ಮತ್ತೆ ನಿದ್ರೆಗೆ ಜಾರುತ್ತಾನೆ. ರಾತ್ರಿಯಲ್ಲಿ ಹೀಗೆ ನೂರಾರು ಬಾರಿ ನಡೆದರೂ ಬೆಳಿಗ್ಗೆ ಅವನಿಗೆ ಒಂದೂ ನೆನಪಿರದು. ಇದನ್ನು ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಆಪ್ನಿಯಾ ಎಂದರೆ ಗ್ರೀಕ್ ಮೂಲದಲ್ಲಿ ಉಸಿರಿಲ್ಲದಿರುವಿಕೆ. 2022ರ ಫೆಬ್ರವರಿಯಲ್ಲಿ ಚಲನಚಿತ್ರ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯವರು ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಇದೂ ಒಂದಾಗಿತ್ತು. ನಮ್ಮಲ್ಲಿ ಅನೇಕರು ಈ ಹೆಸರನ್ನು ಮೊದಲು ಕೇಳಿದ್ದು ಆಗಲೇ.

ಈಗ ಇತಿಹಾಸಕ್ಕೆ ಬರೋಣ.

ಉಸಿರು ನಿಂತು ಮತ್ತೆ ಬರುವುದನ್ನು ಲೆಕ್ಕವಿಟ್ಟು ಬರೆದ ವೈದ್ಯರಲ್ಲಿ ಪ್ರಸಿದ್ಧರಾದವರು ಡಬ್ಲಿನ್ನಿನ ಜಾನ್ ಚೈನ್. ವರ್ಷ 1818. ಸಾಯುತ್ತಿದ್ದ ಒಬ್ಬ ರೋಗಿಯ ಉಸಿರು ಸುಮಾರು ಕಾಲು ನಿಮಿಷ ನಿಂತು, ಆಮೇಲೆ ಮೆಲ್ಲಗೆ ಆರಂಭವಾಗಿ, ಏರಿ, ಮತ್ತೆ ಇಳಿದು ನಿಲ್ಲುತ್ತಿದ್ದುದನ್ನು ಅವರು ದಾಖಲಿಸಿದರು. 1854ರಲ್ಲಿ ಅದೇ ಊರಿನ ವಿಲಿಯಂ ಸ್ಟೋಕ್ಸ್ ತಮ್ಮ ಗ್ರಂಥದಲ್ಲಿ ಇದನ್ನು ಮತ್ತೆ ವಿವರಿಸಿದ್ದರಿಂದ ಈ ಬಗೆಯ ಉಸಿರಿಗೆ ಇಬ್ಬರ ಹೆಸರೂ ಸೇರಿಕೊಂಡಿತು. ಚೈನ್ ಬಳಿ ಯಾವ ಯಂತ್ರವೂ ಇರಲಿಲ್ಲ. ರೋಗಿಯ ಪಕ್ಕ ಕುಳಿತು ನೋಡುವ ತಾಳ್ಮೆಯಷ್ಟೇ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಎಂಬ ವಿಜ್ಞಾನಿ ತಿರುಗುವ ಉರುಳೆಗೆ ಕಾಗದ ಸುತ್ತಿ, ಅದರ ಮೇಲೆ ದೇಹದ ಚಲನೆಯನ್ನು ಗೀಚಿಸುವ ಉಪಕರಣವನ್ನು ಬಳಕೆಗೆ ತಂದರು. ಅಲ್ಲಿಂದ ಮುಂದೆ ರಕ್ತದ ಒತ್ತಡವಾಗಲಿ ಎದೆಯ ಏರಿಳಿತವಾಗಲಿ ತನ್ನ ಚರಿತ್ರೆಯನ್ನು ತಾನೇ ಗೆರೆಯಲ್ಲಿ ಬರೆದುಕೊಳ್ಳುವುದು ಸಾಧ್ಯವಾಯಿತು. ಇಂದು ನಮ್ಮ ಮಂಚದ ಪಕ್ಕದ ಯಂತ್ರ ಬರೆಯುವ ಉಸಿರಿನ ಅಲೆ ಆ ಕಾಗದದ ಮೊಮ್ಮಗನೇ ಸರಿ.

ಗೆರೆಗೂ ಅಭಿಪ್ರಾಯಕ್ಕೂ ಇರುವ ವ್ಯತ್ಯಾಸಕ್ಕೆ ಒಂದು ಒಳ್ಳೆಯ ನಿದರ್ಶನ ಹೇಳುತ್ತೇನೆ. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಬರೆದ ಪಿಕ್‌ವಿಕ್ ಪೇಪರ್ಸ್ ಕಾದಂಬರಿಯಲ್ಲಿ ಜೋ ಎಂಬ ದಪ್ಪನೆಯ ಹುಡುಗನಿದ್ದಾನೆ. ನಿಂತಲ್ಲೇ ನಿದ್ದೆ ಹೋಗುವುದು, ಗೊರಕೆ ಹೊಡೆಯುವುದು ಅವನ ಸ್ವಭಾವ. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಅಂಥದೇ ಒಬ್ಬ ರೋಗಿಯನ್ನು ವಿವರಿಸಿ, ಆ ಕಾಯಿಲೆಗೆ ಪಿಕ್‌ವಿಕ್ಕನ ಹೆಸರನ್ನೇ ಇಟ್ಟರು. ಆ ರೋಗಿ ಇಸ್ಪೀಟಾಟದಲ್ಲಿ ಗೆಲ್ಲುವಂಥ ಎಲೆಗಳು ಕೈಗೆ ಬಂದಾಗಲೂ ನಿದ್ದೆ ಹೋಗಿ ಆಟ ಕಳೆದುಕೊಂಡಿದ್ದನಂತೆ! ಮೈಬೊಜ್ಜಿನಿಂದ ಉಸಿರಾಟ ಕುಗ್ಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದೇ ಈ ಮಂಪರಿಗೆ ಕಾರಣವೆಂಬ ಅಭಿಪ್ರಾಯ ಆಗ ಬೆಳೆಯಿತು. ಅವರೆಲ್ಲ ರೋಗಿಯನ್ನು ಪರೀಕ್ಷಿಸಿದ್ದು ಹಗಲಿನಲ್ಲಿ. 1965ರ ಸುಮಾರಿಗೆ ಫ್ರಾನ್ಸಿನಲ್ಲಿ ಗ್ಯಾಸ್ಟೋ, ತಸ್ಸಿನಾರಿ, ಡ್ಯೂರೋ ಎಂಬವರೂ ಜರ್ಮನಿಯಲ್ಲಿ ಯುಂಗ್ ಮತ್ತು ಕೂಲೋ ಎಂಬವರೂ ಇಂಥ ರೋಗಿಗಳ ಉಸಿರನ್ನೂ ಮಿದುಳಿನ ಅಲೆಗಳನ್ನೂ ರಾತ್ರಿ ದಾಖಲಿಸಿ ನೋಡಿದರು. ನಿದ್ರೆಯ ತುಂಬ ಉಸಿರು ನಿಂತು ನಿಂತು ಹೋಗುತ್ತಿತ್ತು. ಹಗಲಿನ ಮಂಪರಿಗೆ ಕಾರಣ ರಾತ್ರಿಯ ದಾಖಲೆಯಲ್ಲಿತ್ತು.

1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಗಿಯ್ಮಿನೋ, ಡಿಮೆಂಟ್ ಮೊದಲಾದವರು ಇದನ್ನು ಒಂದು ಕಾಯಿಲೆಯಾಗಿ ನಿರೂಪಿಸಿದರು. ಕನಿಷ್ಠ 10 ಸೆಕೆಂಡು ಉಸಿರು ನಿಲ್ಲುವುದು ಒಂದು ಘಟನೆ. 7 ಗಂಟೆಗಳ ನಿದ್ರೆಯಲ್ಲಿ ಅಂಥ 30 ಘಟನೆಗಳಿದ್ದರೆ ಕಾಯಿಲೆ. 30ನ್ನು 7ರಿಂದ ಭಾಗಿಸಿ ನೋಡಿ, ಗಂಟೆಗೆ ನಾಲ್ಕು ಚಿಲ್ಲರೆ ಬರುತ್ತದೆ. ಇಂದು ಎಲ್ಲರೂ ಹೇಳುವ 5ರ ಗಡಿ ಇದಕ್ಕೆ ಹತ್ತಿರದ್ದೇ. ಗಂಟೆಗೆ 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ಕ್ಕೆ ಮೇಲ್ಪಟ್ಟರೆ ತೀವ್ರ ಎಂಬ ವಿಂಗಡಣೆಯನ್ನು 1999ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಶಿಫಾರಸು ಮಾಡಿತು. ಈ ಗಡಿಗಳು ಮನುಷ್ಯರು ಒಟ್ಟಿಗೆ ಕುಳಿತು ಎಳೆದ ಗೆರೆಗಳು. ತಾಲ್ಲೂಕಿನ ಗಡಿಯಂತೆ ಅವು ಉಪಯುಕ್ತ. ಆದರೆ ಗಡಿಕಲ್ಲಿನ ಆಚೆ ಈಚೆ ಮಣ್ಣು ಒಮ್ಮೆಲೇ ಬದಲಾಗುವುದಿಲ್ಲವಲ್ಲ!

ನಮ್ಮ ನಾಡಿನಲ್ಲಿ ಉಸಿರನ್ನು ಅಳೆದ ಕಥೆ ಬೇರೆ ದಾರಿಯಲ್ಲಿ ಬಂದಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ನಿರ್ದೇಶಕರಾಗಿದ್ದರು. ಅವರೂ ಹೋನಿಗ್ ಮೊದಲಾದ ಸಹೋದ್ಯೋಗಿಗಳೂ ಸೇರಿ ಒಬ್ಬ ಯೋಗಿಯ ಮೇಲೆ ನಡೆಸಿದ ಪ್ರಯೋಗಗಳ ವರದಿ 1958ರಲ್ಲಿ ಪ್ರಕಟವಾಯಿತು. ನೆಲದೊಳಗಿನ ಗುಂಡಿಯಲ್ಲಿ ಗಂಟೆಗಟ್ಟಲೆ ಕುಳಿತ ಯೋಗಿಯ ದೇಹದಲ್ಲಿ ಏನು ನಡೆಯುತ್ತದೆ ಎಂಬುದನ್ನು ಉಪಕರಣಗಳಿಂದ ತಿಳಿಯುವ ಯತ್ನವದು. 1961ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ಕೆ. ಆನಂದ್ ಮತ್ತು ಸಂಗಡಿಗರು ರಾಮಾನಂದ ಯೋಗಿಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂರಿಸಿ, ಆತ ಬಳಸುವ ಆಮ್ಲಜನಕ ಕಡಿಮೆಯಾಗುವುದನ್ನು ಅಳೆದರು. 1974ರಲ್ಲಿ ಬೆಂಗಳೂರಿನ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿ ನರಶರೀರವಿಜ್ಞಾನ ವಿಭಾಗವನ್ನು ಕಟ್ಟಿದ ಪ್ರೊ. ಟಿ. ದೇಸಿರಾಜು ಅವರು ಶರ್ಲಿ ಟೆಲ್ಲಿಸ್ ಅವರೊಡನೆ 1991ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಹಿಡಿಸಿತು. ಪ್ರಾಣಾಯಾಮದಲ್ಲಿ ಉಸಿರನ್ನು ಅಲ್ಪಕಾಲ ಹಿಡಿದಾಗ ದೇಹ ಬಳಸುವ ಆಮ್ಲಜನಕ ಶೇಕಡಾ 52ರಷ್ಟು ಹೆಚ್ಚಿತು. ದೀರ್ಘಕಾಲ ಹಿಡಿದಾಗ ಶೇಕಡಾ 19ರಷ್ಟು ಇಳಿಯಿತು! ಹೊರಗಿನಿಂದ ನೋಡುವವರಿಗೆ ಎರಡೂ ಕುಂಭಕವೇ. ಒಳಗಿನ ಲೆಕ್ಕ ಮಾತ್ರ ತದ್ವಿರುದ್ಧ. ಉಸಿರು ನಿಂತಿತು ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ಘಟನೆಗಳು ಅಡಗಿರುತ್ತವೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕೆ?

ಯೋಗಿಯ ಉಸಿರಿಗೆ ದೊರೆತ ಗಮನ ಗೊರಕೆ ಹೊಡೆಯುವ ಗೃಹಸ್ಥನಿಗೆ ದೊರೆತದ್ದು ತಡವಾಗಿ. ಮುಂಬಯಿಯ ಡಾ. ಉದ್ವಾಡಿಯಾ ಮತ್ತು ಸಂಗಡಿಗರು 35ರಿಂದ 65 ವರ್ಷದ ನಗರವಾಸಿ ಪುರುಷರ ನಿದ್ರೆಯನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಶೇಕಡಾ 19.5ರಷ್ಟು ಮಂದಿಯಲ್ಲಿ ಗಂಟೆಗೆ 5 ಅಥವಾ ಹೆಚ್ಚು ಬಾರಿ ಉಸಿರಿನ ಅಡಚಣೆಯಿತ್ತು, ಶೇಕಡಾ 7.5ರಷ್ಟು ಮಂದಿಯಲ್ಲಿ ಜೊತೆಗೆ ಹಗಲಿನ ತೂಕಡಿಕೆಯೂ ಇತ್ತು. ಐವರಲ್ಲಿ ಒಬ್ಬರು ಎಂದಾಯಿತು.

ಚಿಕಿತ್ಸೆಯ ಕಥೆ ಇನ್ನೂ ರೋಚಕ. ಮೊದಮೊದಲು ಇದ್ದ ಪರಿಹಾರವೆಂದರೆ ಗಂಟಲಿನ ಕೆಳಗೆ ರಂಧ್ರ ಮಾಡಿ ಉಸಿರಿಗೆ ಬೇರೆ ದಾರಿ ಕೊಡುವ ಶಸ್ತ್ರಚಿಕಿತ್ಸೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು 1980ರಲ್ಲಿ ಆ ಶಸ್ತ್ರಚಿಕಿತ್ಸೆ ಒಲ್ಲದ ಒಬ್ಬ ಕಟ್ಟಡ ಕಾರ್ಮಿಕನಿಗೆ ಮೂಗಿನ ಮೂಲಕ ನಿರಂತರವಾಗಿ ಗಾಳಿ ಊದಿ ನೋಡಿದರು. ಗಂಟಲು ಮುಚ್ಚಲಿಲ್ಲ, ಆತ ನೆಮ್ಮದಿಯಾಗಿ ನಿದ್ರಿಸಿದ. ಐವರು ರೋಗಿಗಳ ಮೇಲಿನ ಈ ಪ್ರಯೋಗ 1981ರ ಏಪ್ರಿಲ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಬಳಸಿದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಹತ್ತು ಸೆಂಟಿಮೀಟರ್ ಎಂದರೆ ನಾವು ನೀರು ಕುಡಿಯುವ ಲೋಟದ ಎತ್ತರ, ಅಷ್ಟೇ! ಗುಡಾರ ಕುಸಿಯದಂತೆ ಒಳಗಿನ ಕೋಲು ನಿಲ್ಲುವ ಹಾಗೆ ಈ ಗಾಳಿ ಗಂಟಲಿನೊಳಗೆ ನಿಲ್ಲುತ್ತದೆ. ಇದೇ ಸಿಪ್ಯಾಪ್ ಎಂಬ ಯಂತ್ರ.

ಮೊದಲು ಆ ಯಂತ್ರ ಗಾಳಿ ಊದುವ ಕೆಲಸ ಮಾತ್ರ ಮಾಡುತ್ತಿತ್ತು. ಗಾಳಿಯ ಹರಿವನ್ನು ನೋಡಿ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರಗಳು 1990ರ ದಶಕದಲ್ಲಿ ಬಂದ ಮೇಲೆ ಅದು ಲೆಕ್ಕ ಬರೆಯುವ ಶಾನುಭೋಗನೂ ಆಯಿತು. ಇಂದಿನ ಯಂತ್ರಗಳು ಒಂದೊಂದು ಉಸಿರನ್ನೂ ಸಣ್ಣ ಕಾರ್ಡಿನಲ್ಲಿ ಬರೆದಿಡುತ್ತವೆ. ಬೆಳಿಗ್ಗೆ ನಮಗೆ ಒಂದೇ ಅಂಕಿ ತೋರಿಸುತ್ತವೆ.

ಆ ಅಂಕಿಯನ್ನು ಓದುವುದು ಹೇಗೆ? ಇಲ್ಲಿ ನಮ್ಮ ಜಿಲ್ಲೆಯ ಶಾಸನ ಸಂಪುಟವನ್ನು ನೆನೆಯುತ್ತೇನೆ. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟ 1901ರಲ್ಲಿ ಪ್ರಕಟವಾಯಿತು. ಆಗ ನಮ್ಮ ಜಿಲ್ಲೆಯ ಹೆಸರೇ ಕಡೂರು. ಅಂಥ ಸಂಪುಟಗಳಲ್ಲಿ ಕಲ್ಲು ಸವೆದು ಅಕ್ಷರ ಅಳಿಸಿಹೋದ ಕಡೆ ಖಾಲಿ ಬಿಟ್ಟು ಚುಕ್ಕಿಗಳನ್ನಿಟ್ಟಿರುತ್ತಾರೆ. "ಇಲ್ಲಿ ಏನೂ ಬರೆದಿರಲಿಲ್ಲ" ಎನ್ನುವುದಕ್ಕೂ "ಇಲ್ಲಿ ಬರೆದದ್ದು ನಮಗೆ ಕಾಣುತ್ತಿಲ್ಲ" ಎನ್ನುವುದಕ್ಕೂ ಇರುವ ಅಂತರವನ್ನು ಆ ಚುಕ್ಕಿಗಳು ಕಾಪಾಡುತ್ತವೆ. ನಮ್ಮ ಯಂತ್ರದ ಮುಖಪುಟದ ಅಂಕಿಯಲ್ಲಿ ಈ ಚುಕ್ಕಿಗಳಿಲ್ಲ. ನಾವೇ ಹುಡುಕಿಕೊಳ್ಳಬೇಕು.

ಮೊದಲನೆಯದು ಸರಾಸರಿಯ ಮಾತು. ಏಳು ಗಂಟೆಗಳಲ್ಲಿ 14 ಘಟನೆಗಳಾದರೆ ಅಂಕಿ 2. ಆ 14 ರಾತ್ರಿಯಿಡೀ ಹರಡಿರಬಹುದು. ಬೆಳಗಿನ ಜಾವದ ಒಂದೇ ಗಂಟೆಯಲ್ಲಿ ಗುಂಪಾಗಿ ಬಂದಿರಲೂಬಹುದು. ವರ್ಷದ ಸರಾಸರಿ ಮಳೆ ನೋಡಿ ಯಾವ ರೈತನೂ ರಾಗಿ ಬಿತ್ತುವುದಿಲ್ಲ. ಯಾವ ವಾರ ಬಂತು ಎಂದು ಕೇಳುತ್ತಾನೆ. ಆದ್ದರಿಂದ ಅಂಕಿಯ ಹಿಂದಿರುವ ಗಂಟೆವಾರು ನಕ್ಷೆಯನ್ನು ನೋಡಬೇಕು.

ಎರಡನೆಯದು ಭಾಜಕದ ಮಾತು. ಆಸ್ಪತ್ರೆಯಲ್ಲಿ ತಲೆಗೆ ತಂತಿಗಳನ್ನು ಅಂಟಿಸಿ ನಡೆಸುವ ಪರೀಕ್ಷೆಯಲ್ಲಿ ಘಟನೆಗಳನ್ನು ನಿದ್ರಿಸಿದ ಗಂಟೆಗಳಿಂದ ಭಾಗಿಸುತ್ತಾರೆ. ಮನೆಯ ಯಂತ್ರಕ್ಕೆ ನಾವು ನಿದ್ರಿಸಿದ್ದೇವೋ, ಸೂರು ನೋಡುತ್ತ ಮಲಗಿದ್ದೇವೋ ಖಚಿತವಾಗಿ ತಿಳಿಯದು. ಅದು ಭಾಗಿಸುವುದು ತಾನು ಓಡಿದ ಗಂಟೆಗಳಿಂದ. ಏಳು ಗಂಟೆ ಓಡಿ, ಅದರಲ್ಲಿ ಎರಡು ಗಂಟೆ ನಾವು ಎಚ್ಚರವಿದ್ದರೆ ಅಂಕಿ ಇರಬೇಕಾದದ್ದಕ್ಕಿಂತ ಕಡಿಮೆಯಾಗಿ ಕಾಣಬಹುದು. ಇದರ ವಿರುದ್ಧವೂ ಉಂಟು. ಎಚ್ಚರದಲ್ಲಿ ಮಗ್ಗುಲು ಬದಲಿಸುವಾಗ ನಾವು ಸಹಜವಾಗಿ ಉಸಿರು ಹಿಡಿದದ್ದನ್ನೂ ಅದು ಘಟನೆಯೆಂದು ಬರೆದುಕೊಳ್ಳಬಹುದು.

ಮೂರನೆಯದು ಜಾತಿಭೇದದ ಮಾತು. ಘಟನೆಗಳಲ್ಲಿ ಹಲವು ಬಗೆ. ಗಂಟಲು ಮುಚ್ಚಿ ಉಸಿರು ನಿಲ್ಲುವುದು ಒಂದು. ಗಂಟಲು ತೆರೆದೇ ಇದ್ದು, ಉಸಿರೆಳೆದುಕೊ ಎಂಬ ಅಪ್ಪಣೆಯೇ ಮಿದುಳಿನಿಂದ ಬಾರದೆ ನಿಲ್ಲುವುದು ಇನ್ನೊಂದು. ಉಸಿರು ನಿಂತಾಗ ಕೆಲವು ಯಂತ್ರಗಳು ಗಾಳಿಯ ಸಣ್ಣ ಕಂಪನಗಳನ್ನು ಒಳಗೆ ಕಳುಹಿಸಿ, ಅವು ಮರಳಿ ಬರುವ ರೀತಿಯಿಂದ ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂದು ಊಹಿಸುತ್ತವೆ. ಬಾವಿಗೆ ಕಲ್ಲೆಸೆದು ಸದ್ದಿನಿಂದ ನೀರನ್ನು ತಿಳಿಯುವ ಉಪಾಯವೇ ಇದು. ಎರಡನೆಯ ಬಗೆ ಹೆಚ್ಚಿದ್ದರೆ ಒತ್ತಡ ಏರಿಸಿ ಪ್ರಯೋಜನವಿಲ್ಲ. ಕಾರಣ ಬೇರೆಡೆ, ಕೆಲವೊಮ್ಮೆ ಹೃದಯದಲ್ಲಿಯೇ, ಇರಬಹುದು. ಚೈನ್ ಮತ್ತು ಸ್ಟೋಕ್ಸ್ ಕಂಡ ಉಸಿರು ಈ ಜಾತಿಗೆ ಸೇರಿದ್ದು. ಇದನ್ನು ವೈದ್ಯರಿಗೆ ತೋರಿಸಲೇಬೇಕು. ಮೂರನೆಯ ಬಗೆ, ಉಸಿರು ಪೂರ್ತಿ ನಿಲ್ಲದೆ ಕಿರಿದಾಗುವುದು. ಆಸ್ಪತ್ರೆಯಲ್ಲಿ ಇದನ್ನು ಎಣಿಸಲು ಆಮ್ಲಜನಕ ಇಳಿದದ್ದನ್ನೋ ಮಿದುಳು ಎಚ್ಚರಗೊಂಡದ್ದನ್ನೋ ಜೊತೆಗೆ ನೋಡುತ್ತಾರೆ. ಮನೆಯ ಯಂತ್ರಕ್ಕೆ, ಬೇರೆ ಉಪಕರಣ ಜೋಡಿಸದಿದ್ದರೆ, ಅವೆರಡೂ ಕಾಣವು. ಕೊರೋನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡು ನೋಡುತ್ತಿದ್ದ ಆಮ್ಲಜನಕದ ಅಂಕಿ ಇದರಲ್ಲಿಲ್ಲ. ಹಾಗಾಗಿ ಆಸ್ಪತ್ರೆಯ ಅಂಕಿಗೂ ಮನೆಯ ಅಂಕಿಗೂ ಹೆಸರು ಒಂದೇ ಆದರೂ ಅಳತೆಗೋಲು ಒಂದಲ್ಲ. ಹಿಂದೆ ಒಂದೊಂದು ಸೀಮೆಯಲ್ಲಿ ಒಂದೊಂದು ಕೊಳಗವಿದ್ದಂತೆ!

ನಾಲ್ಕನೆಯದು ಸೋರಿಕೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ನನಗೆ ಯಂತ್ರ ಬಂದ ಮೊದಲ ಮೂರು ತಿಂಗಳು ಅಂಕಿ ಒಂದೂವರೆ, ಎರಡು ಹೀಗೆ ಬರುತ್ತಿತ್ತು. ನೂರಕ್ಕೆ ತೊಂಬತ್ತೆಂಟು ಅಂಕ ತೆಗೆದ ಹುಡುಗನಂತೆ ಹಿಗ್ಗುತ್ತಿದ್ದೆ. ಆದರೂ ಮಧ್ಯಾಹ್ನ ಪತ್ರಿಕೆ ಕೈಯಿಂದ ಜಾರುತ್ತಿತ್ತು. ಕಡೂರಿಗೆ ಹೋಗುವ ಬಸ್ಸಿನಲ್ಲಿ ನಿದ್ದೆ ಹೋಗಿ ನಿಲ್ದಾಣದಲ್ಲಿ ನಿರ್ವಾಹಕರು ಎಬ್ಬಿಸಿದ್ದೂ ಉಂಟು. ಕೊನೆಗೆ ವೈದ್ಯರು ಕಾರ್ಡನ್ನು ಗಣಕಯಂತ್ರಕ್ಕೆ ಹಾಕಿ ಇಡೀ ರಾತ್ರಿಯ ಗೆರೆಯನ್ನು ತೋರಿಸಿದರು. ರಾತ್ರಿ ಹತ್ತೂವರೆಯಿಂದ ಎರಡು ಗಂಟೆಯವರೆಗೆ ಉಸಿರಿನ ಅಲೆ ಕೆರೆಯ ಅಲೆಯಂತೆ ಸಮವಾಗಿತ್ತು. ಆಮೇಲೆ ಸೋರಿಕೆಯ ಗೆರೆ ಗುಡ್ಡದಂತೆ ಮೇಲೇರಿತ್ತು. ಬಾಯಿ ತೆರೆದುಕೊಂಡು ಗಾಳಿಯೆಲ್ಲ ಹೊರಗೆ ಹೋಗುತ್ತಿತ್ತು. ಸೋರಿಕೆ ಹೆಚ್ಚಾದಾಗ ಯಂತ್ರಕ್ಕೆ ಉಸಿರಿನ ನಿಜರೂಪ ತಿಳಿಯದು, ಘಟನೆಗಳನ್ನು ಸರಿಯಾಗಿ ಎಣಿಸಲಾರದು. ಮೂರೂವರೆಯ ಹೊತ್ತಿಗೆ ಗೆರೆಯೇ ಇರಲಿಲ್ಲ. ಅರೆನಿದ್ದೆಯಲ್ಲಿ ಮುಖವಾಡವನ್ನು ನಾನೇ ಕಿತ್ತಿಟ್ಟಿದ್ದೆ. ಅನೇಕ ರಾತ್ರಿಗಳು ಹೀಗೇ ಇದ್ದವು.

ಇಲ್ಲಿ ಇನ್ನೊಂದು ಚಾರಿತ್ರಿಕ ಸಂಗತಿಯನ್ನು ಸೇರಿಸಬೇಕು. ಕಣ್ಣುಗುಡ್ಡೆಗಳು ಚಲಿಸುವ ಕನಸಿನ ನಿದ್ರೆಯನ್ನು 1953ರಲ್ಲಿ ಶಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದರು. ಆ ನಿದ್ರೆ ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು. ಸ್ನಾಯುಗಳು ಅತಿ ಸಡಿಲವಾಗುವುದೂ, ಅನೇಕರಲ್ಲಿ ಉಸಿರು ಹೆಚ್ಚಾಗಿ ಕಟ್ಟುವುದೂ ಆಗಲೇ. ನನ್ನ ದಾಖಲೆಯಲ್ಲಿ ಹರಿದುಹೋಗಿದ್ದ ಹಾಳೆ ಅದೇ! ನಾನು ಸಂತೋಷಪಡುತ್ತಿದ್ದ ಅಂಕಿ ಸುಳ್ಳಾಗಿರಲಿಲ್ಲ. ಅದು ಮೊದಲರ್ಧ ರಾತ್ರಿಯ ಸತ್ಯವಾಗಿತ್ತು.

ಬಾಯಿಯನ್ನೂ ಮುಚ್ಚುವ ಬೇರೆ ಮುಖವಾಡ ಕೊಟ್ಟರು. ವಿದ್ಯುತ್ ಹೋದರೆ ಯಂತ್ರ ನಿಲ್ಲದಿರಲೆಂದು ಬ್ಯಾಟರಿಯ ವ್ಯವಸ್ಥೆ ಮಾಡಿಸಿದೆ. ಈಗ ಬೆಳಗಿನವರೆಗೂ ಗೆರೆ ಇದೆ. ತಮಾಷೆಯೆಂದರೆ ಅಂಕಿ ಎರಡರಿಂದ ಮೂರಕ್ಕೆ ಏರಿತು. ನನ್ನ ತೂಕಡಿಕೆ ಇಳಿಯಿತು. ದಾಖಲೆ ಪೂರ್ಣವಾದಾಗ ಅಂಕ ಕಡಿಮೆಯಾಯಿತು, ಆರೋಗ್ಯ ಹೆಚ್ಚಿತು. ಹಾಗಾಗಿ ನನಗೆ ಫೋನು ಮಾಡಿದ ಮಿತ್ರನಿಗೆ ಹೇಳಿದ್ದು ಇಷ್ಟು: ನಿಮ್ಮ ತಂದೆಯವರ ಅಂಕಿಯ ಜೊತೆಗೆ ಎಷ್ಟು ಗಂಟೆ ಹಾಕಿಕೊಂಡಿದ್ದರು, ಸೋರಿಕೆ ಎಷ್ಟು, ಯಾವ ಬಗೆಯ ಘಟನೆ, ಯಾವ ಹೊತ್ತಿನಲ್ಲಿ ಎಂಬ ನಾಲ್ಕನ್ನೂ ನೋಡಿ, ಕಾರ್ಡನ್ನು ವೈದ್ಯರಲ್ಲಿಗೆ ಒಯ್ಯಿರಿ. ಒತ್ತಡವನ್ನು ನೀವೇ ಬದಲಿಸಬೇಡಿ. ಎಲ್ಲವೂ ಸರಿಯಿದ್ದೂ ತೂಕಡಿಕೆ ಉಳಿದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕಾದೀತು. ಮತ್ತು ರಾತ್ರಿ ನಿಮ್ಮ ತಾಯಿಯವರು ಏನು ಕಂಡರು ಎಂದು ಕೇಳಿ.

ಈ ಕೊನೆಯ ಮಾತಿಗಾಗಿಯೇ ಇಷ್ಟೆಲ್ಲ ಬರೆದೆ.

ನನ್ನ ಕಾಯಿಲೆಯನ್ನು ಮೊದಲು ದಾಖಲಿಸಿದ್ದು ಯಂತ್ರವಲ್ಲ, ನನ್ನ ಹೆಂಡತಿ. "ನಿಮಗೆ ಮಧ್ಯರಾತ್ರಿ ಉಸಿರೇ ನಿಲ್ಲುತ್ತೆ ಕಣ್ರೀ, ನಾನು ಗಡಿಯಾರ ನೋಡ್ಕೊಂಡು ಕೂತಿರ್ತೀನಿ" ಎಂದು ಆಕೆ ವರ್ಷಗಟ್ಟಲೆ ಹೇಳಿದಳು. ನಾನು ನಕ್ಕು ಬಿಟ್ಟಿದ್ದೆ. ಡಬ್ಲಿನ್ನಿನಲ್ಲಿ ಚೈನ್ ಮಾಡಿದ ಕೆಲಸವನ್ನೇ ಆಕೆ ಹಿರೇನಲ್ಲೂರಿನಲ್ಲಿ ಮಾಡಿದ್ದಳು. ಚೈನ್ ಬರೆದಿಟ್ಟರು, ಆಕೆಯ ಮಾತನ್ನು ಬರೆದುಕೊಳ್ಳುವವರಿರಲಿಲ್ಲ.

ಇದಕ್ಕಿಂತ ಭಾರವಾದುದು ಇನ್ನೊಂದಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಸದಾ ಬಾಯಿ ತೆರೆದು ಉಸಿರಾಡುತ್ತಿದ್ದ. ಊಟದ ನಂತರದ ಅವಧಿಯಲ್ಲಿ ತಪ್ಪದೆ ನಿದ್ದೆ ಹೋಗುತ್ತಿದ್ದ. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಒಂದು ದಿನ ಕುಂಭಕರ್ಣ ಎಂದೆ, ತರಗತಿಯೆಲ್ಲ ನಕ್ಕಿತು. ಆ ಹೆಸರು ಅವನಿಗೆ ಅಂಟಿಕೊಂಡಿತು. ಒಮ್ಮೆ ಅವನ ತಾಯಿ ಶಾಲೆಗೆ ಬಂದಿದ್ದರು. "ರಾತ್ರಿಯೆಲ್ಲ ಗೊರಕೆ ಹೊಡೀತಾನೆ ಸಾ, ನಡುನಡುವೆ ಉಸಿರೇ ನಿಂತಂಗಾಗುತ್ತೆ, ಎದ್ದು ಕೂತ್ಕೋತಾನೆ" ಎಂದರು. "ಬೇಗ ಮಲಗಿಸಿ ಅಮ್ಮ, ಸರಿಹೋಗುತ್ತೆ" ಎಂದು ಹೇಳಿ ಕಳುಹಿಸಿದೆ. ಮುಂದಿನ ವರ್ಷ ಅವನು ಶಾಲೆ ಬಿಟ್ಟ.

ಗಂಟಲಿನ ಗ್ರಂಥಿಗಳು ಊದಿಕೊಂಡು ಬಾಯಲ್ಲಿ ಉಸಿರಾಡುವ ಮಕ್ಕಳು ಪಾಠದಲ್ಲಿ ಹಿಂದೆ ಬೀಳುವುದನ್ನು ಲಂಡನ್ನಿನ ವಿಲಿಯಂ ಹಿಲ್ ಎಂಬ ವೈದ್ಯರು 1889ರಷ್ಟು ಹಿಂದೆಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. 1976ರಲ್ಲಿ ಗಿಯ್ಮಿನೋ ಮತ್ತು ಸಂಗಡಿಗರು ಎಂಟು ಮಕ್ಕಳಲ್ಲಿ ಈ ಕಾಯಿಲೆಯನ್ನು ರಾತ್ರಿಯ ದಾಖಲೆಯ ಸಮೇತ ವರದಿ ಮಾಡಿದರು. ಹಗಲು ನಿದ್ದೆಯನ್ನೂ ಓದಿನಲ್ಲಿ ಹಿಂದೆ ಬೀಳುವುದನ್ನೂ ಅದರಲ್ಲಿ ಗುರುತಿಸಿದ್ದರು. ಬಿ.ಎಡ್. ತರಗತಿಯಲ್ಲಿ ಬಾಲಮನೋವಿಜ್ಞಾನವನ್ನು ನಾನು ಶ್ರದ್ಧೆಯಿಂದಲೇ ಓದಿದ್ದೆ. ಮಕ್ಕಳ ಆಲಸ್ಯಕ್ಕೆ ಕಾರಣಗಳ ಪಟ್ಟಿಯನ್ನು ಇಂದಿಗೂ ಹೇಳಬಲ್ಲೆ. ಅದರಲ್ಲಿ ಉಸಿರು ಇದ್ದ ನೆನಪಿಲ್ಲ.

ಆ ಹುಡುಗನಿಗೆ ಈ ಕಾಯಿಲೆಯೇ ಇತ್ತೆಂದು ಈಗ ನಾನು ಹೇಳಲಾರೆ. ದಾಖಲೆಯಿಲ್ಲ. ಆದರೆ ಪ್ರತ್ಯಕ್ಷ ಸಾಕ್ಷಿಯೊಬ್ಬರು ಕಚೇರಿಯ ಬಾಗಿಲಿಗೇ ಬಂದು ಹೇಳಿಕೆ ಕೊಟ್ಟಿದ್ದರು. ಆಧಾರಗಳನ್ನು ತಿರಸ್ಕರಿಸಬಾರದೆಂದು ಪ್ರತಿವರ್ಷ ಪಾಠ ಹೇಳುತ್ತಿದ್ದ ಇತಿಹಾಸದ ಮೇಷ್ಟರು ಆ ಹೇಳಿಕೆಯನ್ನು ಕೇಳಿಸಿಕೊಳ್ಳಲಿಲ್ಲ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕಿಂತ ಆ ತಾಯಿಯನ್ನು ಒಂದು ಮಾತಿನಲ್ಲಿ ಹಿಂದಕ್ಕೆ ಕಳುಹಿಸಿದ್ದೇ ನನ್ನನ್ನು ಹೆಚ್ಚು ಬಾಧಿಸುತ್ತದೆ.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ, ಉಳಿದವರು ತಂದೆತಾಯಿಗಳಾಗಿದ್ದೀರಿ. ತರಗತಿಯಲ್ಲಿ ಬಾಯಿ ತೆರೆದು ತೂಕಡಿಸುವ ಮಗುವಿದ್ದರೆ ಅದರ ಮನೆಯವರನ್ನು ಕರೆದು ರಾತ್ರಿ ಹೇಗೆ ಮಲಗುತ್ತದೆ ಎಂದು ಕೇಳಿ, ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲು ಹೇಳಿ. ಮನೆಯಲ್ಲಿ ಗೊರಕೆಯ ನಡುವೆ ಉಸಿರು ನಿಲ್ಲುವ ಹಿರಿಯರಿದ್ದರೆ ನಗಬೇಡಿ. ಗಡಿಯಾರ ನೋಡಿ, ಒಂದು ಚೀಟಿಯಲ್ಲಿ ಬರೆದಿಟ್ಟು ವೈದ್ಯರಿಗೆ ಕೊಡಿ. ಯಂತ್ರ ಬರುವುದು ಆಮೇಲೆ.

ಆ ಹುಡುಗ ಈಗ ನಲವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಅಕಸ್ಮಾತ್ ಇದನ್ನು ಓದಿದರೆ ಅಥವಾ ಅವನನ್ನು ಬಲ್ಲ ಸಹಪಾಠಿಗಳು ಓದಿದರೆ, ಮೇಷ್ಟರು ಕ್ಷಮೆ ಕೇಳಿದರೆಂದು ತಿಳಿಸಿ. ಅವನ ತಾಯಿ ಇದ್ದರೆ, ಅವರು ಅಂದು ಹೇಳಿದ ಮಾತನ್ನು ಇಂದು ಬರೆದುಕೊಂಡಿದ್ದೇನೆಂದೂ ತಿಳಿಸಿ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟರು,
ಹಿರೇನಲ್ಲೂರು